385 ಅಂಕಿಯ ಮಡಕೆಯಲ್ಲಿ ಸೀಳು ಎಲ್ಲಿದೆ?

ಪ್ರಶ್ನೆ: 2ರ 1277ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಸಂಯುಕ್ತ ಎಂದು ಸಾಬೀತಾಗಿದೆಯಂತೆ. ಆದರೆ ಅದರ ಒಂದು ಅಪವರ್ತನವೂ ಯಾರಿಗೂ ಸಿಕ್ಕಿಲ್ಲವಂತೆ. ಭಾಗಿಸುವ ಸಂಖ್ಯೆಯೇ ಗೊತ್ತಿಲ್ಲದೆ ಅದನ್ನು ಸಂಯುಕ್ತ ಅನ್ನುವುದು ಸುಮ್ನೆ ಊಹೆ ಅಲ್ವಾ?
– ಪಿಯುಸಿ ವಿದ್ಯಾರ್ಥಿನಿ

ಉತ್ತರ: ಊಹೆ ಅಲ್ಲ, ಪಕ್ಕಾ ಸಾಬೀತು. ಆದರೆ ನಿಮ್ಮ ಅನುಮಾನ ಸಹಜವೇ. ಶಾಲೆಯಲ್ಲಿ ಕಲಿಸುವುದು ಒಂದೇ ದಾರಿ: 2ರಿಂದ ಭಾಗಿಸು, 3ರಿಂದ ಭಾಗಿಸು, ಶೇಷ ಸೊನ್ನೆ ಬಂತಾ ನೋಡು. ನೀವು ಕೇಳಿದ ಸಂಖ್ಯೆಗೆ 385 ಅಂಕಿ. ಈ ದಾರಿಯಲ್ಲಿ ಹೊರಟರೆ ಯಾವ ಕಂಪ್ಯೂಟರಿಗೂ ಕೆಲಸ ಮುಗಿಯುವುದಿಲ್ಲ.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಏನು ಮಾಡುತ್ತಿದ್ದರು, ನೆನಪಿಸಿಕೊಳ್ಳಿ. ಬೆರಳಲ್ಲಿ ತಟ್ಟುತ್ತಿದ್ದರು. ಠಣ್ ಅಂದರೆ ಗಟ್ಟಿ. ಸದ್ದು ಮಂಕಾದರೆ ಎಲ್ಲೋ ಸೀಳಿದೆ. ಸೀಳು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ.

ಸಂಖ್ಯೆಯನ್ನು ತಟ್ಟುವ ಇಂಥ ವಿಧಾನ ಫ್ರಾನ್ಸಿನ ಗಣಿತಜ್ಞ ಲ್ಯೂಕಾ ಅವರದು, 1870ರ ದಶಕದ್ದು. ಅದನ್ನು ಆಮೇಲೆ ಒಪ್ಪಮಾಡಿದವರು ಅಮೆರಿಕದ ಲೆಹ್ಮರ್. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಘಾತ ಎಷ್ಟಿದೆಯೋ ಅದಕ್ಕಿಂತ ಎರಡು ಕಡಿಮೆ ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬೇರೆ ಏನೇ ಬಂದರೂ ಸಂಯುಕ್ತ. (ಸಂಖ್ಯೆ 2ರ ಯಾವುದಾದರೂ ಘಾತಕ್ಕೆ ಒಂದು ಕಡಿಮೆ ಇರಬೇಕು, ಆ ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯ ಆಗಿರಬೇಕು, ಇದು ಷರತ್ತು.)

31 ತಗೊಳ್ಳಿ. ಅದು 2ರ 5ನೇ ಘಾತಕ್ಕೆ ಒಂದು ಕಡಿಮೆ, ಹಾಗಾಗಿ ಮೂರು ಸಲ. 4ರಿಂದ 14. ಅದರಿಂದ 194, ಶೇಷ 8. ಅದರಿಂದ 62, ಶೇಷ 0. ಠಣ್! ಈಗ 2047, ಅಂದರೆ 2ರ 11ನೇ ಘಾತಕ್ಕೆ ಒಂದು ಕಡಿಮೆ. ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಸೀಳಿದೆ. 2047 ಎಂದರೆ 23 ಗುಣಿಸು 89. ಆದರೆ ನಮ್ಮ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲೂ ತಲೆ ಹಾಕಲಿಲ್ಲ, ಗಮನಿಸಿದಿರಾ? ಕಾಗದ ಪೆನ್ನು ಹಿಡಿದು ಒಮ್ಮೆ ಮಾಡಿಯೇ ನೋಡಿ.

ಇದು ಹೊಸ ಸಂಗತಿಯೂ ಅಲ್ಲ. 2ರ 67ನೇ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆ ಅವಿಭಾಜ್ಯ ಎಂದು 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಬರೆದಿದ್ದರು. 1876ರಲ್ಲಿ ಲ್ಯೂಕಾ ಅದು ತಪ್ಪು ಎಂದು ತೋರಿಸಿದರು, ಅಪವರ್ತನ ಮಾತ್ರ ಕೊಡಲಿಲ್ಲ. ಅವು ಸಿಗಲು 1903 ಬರಬೇಕಾಯಿತು. ನ್ಯೂಯಾರ್ಕಿನ ಸಭೆಯಲ್ಲಿ ಕೋಲ್ ಎಂಬ ಗಣಿತಜ್ಞ ಒಂದೂ ಮಾತಾಡದೆ ಬೋರ್ಡಿನ ಮೇಲೆ 193707721 ಮತ್ತು 761838257287ನ್ನು ಗುಣಿಸಿ, ಬಂದು ಕೂತರಂತೆ. ಹುಡುಕಲು ಮೂರು ವರ್ಷದ ಭಾನುವಾರಗಳು ಬೇಕಾದವಂತೆ. ಕತೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಗುಣಾಕಾರ ಮಾತ್ರ ಸರಿಯಾಗಿದೆ.

ನಿಮ್ಮ ಸಂಖ್ಯೆಗೆ ಬರೋಣ. ತಟ್ಟಿ ನೋಡಲು 1275 ಸುತ್ತು ಸಾಕು, ನಿಮ್ಮ ಮೊಬೈಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಬಲ್ಲದು. ಎಂಥದೇ ಸಂಖ್ಯೆಯಾದರೂ ಅವಿಭಾಜ್ಯ ಹೌದೋ ಅಲ್ಲವೋ ಎಂದು ಖಚಿತವಾಗಿ, ತ್ವರಿತವಾಗಿ ಹೇಳುವ ದಾರಿ ಇದೆ ಎಂದು 2002ರಲ್ಲಿ ನಮ್ಮ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸಾಬೀತು ಮಾಡಿದರು. ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವ ಕೆಲಸಕ್ಕೆ ಅಂಥ ಸುಲಭದ ದಾರಿ ಇನ್ನೂ ಸಿಕ್ಕಿಲ್ಲ. ಇಂಟರ್ನೆಟ್ಟಿನ ಎಷ್ಟೋ ಗುಟ್ಟುಗಳು ಉಳಿದಿರುವುದೂ ಅದರಿಂದಲೇ.

ಹಾಗಂತ ಏನೂ ಸುಳಿವಿಲ್ಲ ಎಂದಲ್ಲ. ನಿಮ್ಮ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ 193 ಅಂಕಿಗಿಂತ ಉದ್ದ ಇರಲಾರದು. ಆ ಅಪವರ್ತನವನ್ನು 1277ರ ಎರಡರಷ್ಟು, ಅಂದರೆ 2554ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 8ರಿಂದ ಭಾಗಿಸಿದರೆ 1 ಅಥವಾ 7. ಕೋಲ್ ಅವರ 193707721ನ್ನು 67ರ ಎರಡರಷ್ಟು, ಅಂದರೆ 134ರಿಂದ ಭಾಗಿಸಿ ನೋಡಿ, ಅಲ್ಲೂ ಶೇಷ 1.