ಸ್ಕ್ರೀನ್‌ಶಾಟ್ ಇದೆ, ಸಾಕಲ್ವಾ ಸರ್?

ಹಾಸನದಲ್ಲಿ ಕೆಲಸಗಾರರ ಕೇಸುಗಳನ್ನು ನೋಡಿಕೊಳ್ಳುವ ವಕೀಲ ನಾನು. ಈ ಸಲ ಬಂದ ಪ್ರಶ್ನೆಗಳೆಲ್ಲ ಕೆಲಸದ ಜಾಗದ ವಾಟ್ಸಾಪ್ ಬಗ್ಗೆಯೇ. ಅದರಲ್ಲೂ ಮೊದಲನೆಯದನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಅದಕ್ಕೇ ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ಎಸ್ಟೇಟ್‌ನಲ್ಲಿ ಒಂಬತ್ತು ವರ್ಷದಿಂದ ರೈಟರ್ (ಲೆಕ್ಕ, ಹಾಜರಿ ಬರೆಯುವವನು) ಆಗಿದ್ದೇನೆ. ಮೊನ್ನೆ ರಾತ್ರಿ ಸಾಹುಕಾರರು ‘ನಾಳೆಯಿಂದ ಬರೋದು ಬೇಡ, ಲೆಕ್ಕ ಚುಕ್ತಾ ಮಾಡ್ತೀನಿ’ ಅಂತ ವಾಟ್ಸಾಪ್ ಮಾಡಿದರು. ಬೆಳಿಗ್ಗೆ ನೋಡಿದರೆ ಅಳಿಸಿದ್ದಾರೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದಿದ್ದೆ. ಸಾಕ್ಷಿಗೆ ಅದು ಸಾಕಲ್ವಾ? ಅಳಿಸಿದ್ದನ್ನು ವಾಪಸ್ ತರಿಸಿಕೊಡ್ತೀವಿ ಅಂತ ಮೊಬೈಲ್ ಅಂಗಡಿಯವರು ಐದು ಸಾವಿರ ಕೇಳ್ತಿದ್ದಾರೆ. ಕೊಡಲಾ?

ಉತ್ತರ: ಕೊಡಬೇಡಿ. ದುಡ್ಡನ್ನೂ ಕೊಡಬೇಡಿ, ಫೋನನ್ನೂ ಕೊಡಬೇಡಿ. ನನ್ನ ಹತ್ತಿರ ಬಂದಿದ್ದ ಒಬ್ಬರು ಹೀಗೇ ಅಂಗಡಿಗೆ ಕೊಟ್ಟರು. ಫೋನ್ ರಿಸೆಟ್ ಆಗಿ ವಾಪಸ್ ಬಂತು. ಇದ್ದ ಸಾಕ್ಷಿಯೂ ಹೋಯಿತು. ಆ ಕೇಸು ನೆನೆದರೆ ಈಗಲೂ ಸಂಕಟವಾಗುತ್ತದೆ. ವಾಟ್ಸಾಪ್ ಮೆಸೇಜುಗಳಿಗೆ 2016ರಿಂದ ಎರಡೂ ತುದಿಯ ಗೂಢಲಿಪಿ ಇದೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ಓದಲಾರರು. ತಲುಪಿದ ಮೆಸೇಜನ್ನು ಕಂಪನಿ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಹಾಗಿರುವಾಗ ಅಂಗಡಿಯವರು ಎಲ್ಲಿಂದ ತರುತ್ತಾರೆ? ಹೆಚ್ಚೆಂದರೆ ನಿಮ್ಮ ಫೋನಿನದೇ ಹಳೇ ಬ್ಯಾಕಪ್ ಹಾಕಿ ಕೊಡುತ್ತಾರೆ. ಅದಾದ ಮೇಲೆ ಬಂದ ಮೆಸೇಜುಗಳು ಮಾಯವಾಗುತ್ತವೆ.

ಇನ್ನು ಸ್ಕ್ರೀನ್‌ಶಾಟ್. ಅದು ಬರೀ ಒಂದು ಚಿತ್ರ. ನನ್ನ ತಮ್ಮನ ನಂಬರನ್ನು ನಿಮ್ಮ ಸಾಹುಕಾರರ ಹೆಸರಲ್ಲಿ ಸೇವ್ ಮಾಡಿ, ಡಿಪಿಗೆ ಅವರ ಫೋಟೋ ಹಾಕಿಸಿದರೆ ಅಂಥದ್ದೇ ಚಿತ್ರ ಎರಡು ನಿಮಿಷದಲ್ಲಿ ತಯಾರು. ಎದುರು ಕಡೆಯ ವಕೀಲರು ಮೊದಲು ಹೇಳುವುದೇ ಇದನ್ನು. ಲೇಬರ್ ಕೋರ್ಟ್‌ನಲ್ಲಿ ಸಾಕ್ಷ್ಯದ ನಿಯಮ ಸಿವಿಲ್ ಕೋರ್ಟ್‌ನಷ್ಟು ಬಿಗಿ ಇಲ್ಲ, ನಿಜ. ಆದರೆ ಚಿತ್ರ ನಿಮ್ಮದೇ ಸೃಷ್ಟಿ ಅಂತ ಅವರು ಹೇಳಿದರೆ ಉತ್ತರ ಕೊಡಬೇಕಾದವರು ನೀವು.

ಫೋನೇ ನಿಮ್ಮ ಸಾಕ್ಷಿ. ಮೂಲ ಸಾಧನವನ್ನೇ ಅದರ ಮಾಲೀಕ ಕೋರ್ಟಿಗೆ ತಂದು ಸಾಕ್ಷಿ ಹೇಳಿದರೆ ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪ್ರತ್ಯೇಕ ಪ್ರಮಾಣಪತ್ರ ಬೇಡ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಿಂಟ್ ಕೊಡುವುದಾದರೆ ಪ್ರಮಾಣಪತ್ರ ಬೇಕೇ ಬೇಕು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿದೆ. ಒಂದು ಭಾಗಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಪ್ರಿಂಟ್ ಮೇಲೆ ನೋಟರಿ ಸೀಲ್ ಒತ್ತಿಸಿ ‘ಎಲ್ಲಾ ಆಯ್ತು’ ಎನ್ನುವ ಏಜೆಂಟರನ್ನು ನಂಬಬೇಡಿ. ಆ ಸೀಲು ಈ ಪ್ರಮಾಣಪತ್ರದ ಜಾಗಕ್ಕೆ ಬರುವುದಿಲ್ಲ.

ಹಾಗಾಗಿ ಫೋನ್ ಬದಲಿಸಬೇಡಿ, ವಾಟ್ಸಾಪ್ ತೆಗೆದು ಮತ್ತೆ ಹಾಕಬೇಡಿ. ಚಾಟ್‌ನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅನ್ನುವ ಸಾಲು ಸಮಯದ ಸಮೇತ ಉಳಿದಿರುತ್ತದೆ. ಅದನ್ನು ಮುಟ್ಟಬೇಡಿ. ಆ ಹೊತ್ತಿಗೆ ಅವರು ಏನೋ ಕಳಿಸಿದ್ದರು ಅನ್ನುವುದಕ್ಕೆ ಅದೇ ಆಧಾರ. ಬೇರೆ ಫೋನಿನಿಂದ ಆ ಚಾಟ್‌ನ ವಿಡಿಯೋ ಮಾಡಿ. ಹೆಸರಿನ ಮೇಲೆ ಒತ್ತಿ, ಪೂರ್ತಿ ನಂಬರ್ ಕಾಣುವ ಹಾಗೆ ತೋರಿಸಿ. ಹಳೇ ಮಾತುಕತೆಯೂ ಕಾಣಲಿ. ಗೊಬ್ಬರದ ಲೆಕ್ಕ, ಆಳುಗಳ ಹಾಜರಿ, ಸಂಬಳದ ಮಾತು, ಎಲ್ಲ. ಒಂಬತ್ತು ವರ್ಷದ ವ್ಯವಹಾರವನ್ನು ಯಾರೂ ರಾತ್ರೋರಾತ್ರಿ ಸೃಷ್ಟಿ ಮಾಡಲಾರರು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಯಾರೂ ಮಾಡದ ಕೆಲಸ. ಮಾರನೇ ದಿನವೇ ಎಸ್ಟೇಟ್‌ಗೆ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು. ಮನೆಯಲ್ಲೇ ಕೂತರೆ ‘ನಾನು ತೆಗೆದಿಲ್ಲ, ಅವರೇ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು’ ಅಂತ ಸಾಹುಕಾರರು ಬರೆದುಕೊಡುತ್ತಾರೆ. ನಾನು ನೋಡಿದ ಎಷ್ಟೋ ಕೇಸು ಬಿದ್ದುಹೋಗಿದ್ದು ಈ ಒಂದೇ ಮಾತಿಗೆ. ಗೇಟಿನಲ್ಲಿ ತಡೆದರೆ ಅವತ್ತೇ ಒಂದು ಕಾಗದ ಬರೆಯಿರಿ: ‘ಇಂಥ ದಿನ, ಇಷ್ಟು ಗಂಟೆಗೆ ಕೆಲಸಕ್ಕೆ ಬರಬೇಡ ಎಂದು ನಿಮ್ಮಿಂದ ಮೆಸೇಜ್ ಬಂತು. ನಾನು ಕೆಲಸಕ್ಕೆ ಸಿದ್ಧನಿದ್ದೇನೆ.’ ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟ್ ಮಾಡಿ. (ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಲ್ಲಿ ಅದರ ಜೊತೆಗೇ ಸೇರಿಹೋಗಿದೆ.) ಅದೇ ಮಾತನ್ನು ವಾಟ್ಸಾಪ್‌ನಲ್ಲೂ ಕಳಿಸಿ. ಅವರು ಉತ್ತರ ಕೊಟ್ಟರೆ ಒಳ್ಳೆಯದೇ. ಕೊಡದಿದ್ದರೂ ನಿಮ್ಮ ಮಾತು ದಾಖಲೆಯಲ್ಲಿ ನಿಂತಿತು. ಆಮೇಲೆ ತಡಮಾಡದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ‘ಸಾಹುಕಾರರ ಮನಸ್ಸು ಕರಗಬಹುದು’ ಅಂತ ತಿಂಗಳುಗಟ್ಟಲೆ ಕಾಯಬೇಡಿ.

ಪ್ರಶ್ನೆ: ಆಫೀಸ್ ಗ್ರೂಪಿಗೆ ನಾನು ಅಡ್ಮಿನ್. ಯಾರೋ ಕೆಟ್ಟದ್ದು ಹಾಕಿದರೆ ನನಗೆ ಜೈಲಾ?

ಉತ್ತರ: ಬರೀ ಅಡ್ಮಿನ್ ಆಗಿದ್ದಕ್ಕೆ ಅಲ್ಲ. 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹಾಗೆಂದು ಹೇಳಿವೆ.

ಪ್ರಶ್ನೆ: ಮೂರು ನೀಲಿ ಟಿಕ್ ಬಂದರೆ ಸರ್ಕಾರ ನೋಡಿದೆ ಅಂತ ಅರ್ಥವಾ?

ಉತ್ತರ: ಮೂರನೇ ಟಿಕ್ ಅನ್ನೋದೇ ಇಲ್ಲ. ದಯವಿಟ್ಟು ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಹೊಸ ನಂಬರ್, ಡಿಪಿಯಲ್ಲಿ ನಮ್ಮ ಮ್ಯಾನೇಜರ್ ಫೋಟೋ. ಅರ್ಜೆಂಟಾಗಿ ದುಡ್ಡು ಹಾಕು ಅಂತ ಮೆಸೇಜ್ ಬಂದಿದೆ.

ಉತ್ತರ: ಅವರ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ. ದುಡ್ಡು ಆಗಲೇ ಹೋಗಿದ್ದರೆ ಈ ಅಂಕಣ ಓದುತ್ತ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಹಾಸನದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಸೂಪರ್‌ವೈಸರ್ ರಾತ್ರಿ ಹೊತ್ತು ಅಸಹ್ಯ ಮೆಸೇಜ್ ಕಳಿಸುತ್ತಾರೆ. ಡ್ಯೂಟಿ ಮುಗಿದ ಮೇಲೆ ಬಂದಿದ್ದು, ಕಂಪನಿಗೆ ಸಂಬಂಧವಿಲ್ಲ ಅಂತ ಎಲ್ಲರೂ ಹೇಳ್ತಾರೆ.

ಉತ್ತರ: ಹಾಗೆ ಹೇಳುವವರ ಮಾತು ಕೇಳಬೇಡಿ ತಾಯಿ. ನಿಮ್ಮ ತಪ್ಪು ಒಂಚೂರೂ ಇಲ್ಲ. ನಿಮ್ಮ ಮೇಲೆ ಅಧಿಕಾರ ಇರುವವರು ಕಳಿಸಿದ್ದು, ಗಂಟೆ ಎಷ್ಟಾದರೂ ಅದು ಕೆಲಸದ ಜಾಗದ ವಿಷಯವೇ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಬರೆದು ಕೊಡಿ. ಸಮಿತಿಯನ್ನೇ ಮಾಡಿಲ್ಲವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಕೊನೆಯ ಮೆಸೇಜ್ ಬಂದು ಮೂರು ತಿಂಗಳೊಳಗೆ ಕೊಡಬೇಕು. ಅವರನ್ನು ಬ್ಲಾಕ್ ಮಾಡಿ, ಪರವಾಗಿಲ್ಲ. ಚಾಟ್ ಮಾತ್ರ ಅಳಿಸಬೇಡಿ.