ಗೋಲ್‌ಕೀಪರ್‌ಗೂ ಕರಡಿಗೂ ಒಂದೇ ಹೆಸರು

ಪ್ರಶ್ನೆ: ಪೋಲೆಂಡಿನ ಗೋಲ್‌ಕೀಪರ್ ಶ್ಚೆನ್ಸ್ನಿ ಅವರ ಮೊದಲ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ‘ವೊಜ್ಸಿಯೆಚ್’ ಅಂತ ಓದಬೇಕಾ? ಅರ್ಥ ಏನು? ಎರಡನೇ ಮಹಾಯುದ್ಧದ ‘ವೊಜ್ಟೆಕ್’ ಕರಡಿಯ ಹೆಸರೂ ಇದೇನಾ?

ಉತ್ತರ: ಹೌದು, ಇದೇ. ಮೊದಲು ಉಚ್ಚಾರ ನೋಡೋಣ. ಅದು ವೊಯ್ಚೆಹ್. ಜೆ ಅಕ್ಷರವನ್ನು ಪೋಲಿಷ್‌ನಲ್ಲಿ ‘ಯ’ ಅಂತ ಓದುತ್ತಾರೆ, ಕೊನೆಯ ‘ಹ್’ ಗಂಟಲಿನಿಂದ ಸ್ವಲ್ಪ ಒರಟಾಗಿ ಬರಬೇಕು. ಮನೆಯವರ, ಗೆಳೆಯರ ಬಾಯಲ್ಲಿ ಅದು ವೊಯ್ತೆಕ್ ಆಗುತ್ತದೆ. ಪುಟ್ಟ ಮಗುವಾದರೆ ವೊಯ್ತುಶ್.

ಎರಡು ಹಳೇ ಸ್ಲಾವಿಕ್ ಪದ ಸೇರಿ ಆದ ಹೆಸರಿದು. ‘ವೊಯ್’ ಅಂದರೆ ಯೋಧ. ಯುದ್ಧಕ್ಕೆ ಅಲ್ಲಿ ಈಗಲೂ ‘ವೊಯ್ನಾ’ ಅಂತಾರೆ. ‘ಚೆಹ್’ ಅಂದರೆ ಖುಷಿ, ಸಮಾಧಾನ. ಅಪ್ಪ ಅಮ್ಮ ತಮ್ಮ ಮಗುವನ್ನು ಪ್ರೀತಿಯಿಂದ ‘ಪೊಚೆಹಾ’ ಅಂತಾರೆ, ಅದೂ ಇದೇ ಬೇರಿನ ಮಾತು. ಕೆಲವರು ಇಡೀ ಹೆಸರಿಗೆ ‘ಯುದ್ಧದಲ್ಲಿ ಖುಷಿ ಕಾಣುವವನು’ ಅಂತ ಅರ್ಥ ಹೇಳ್ತಾರೆ, ಇನ್ನು ಕೆಲವರು ‘ಯೋಧರಿಗೆ ಖುಷಿ ಕೊಡುವವನು’ ಅಂತಾರೆ. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಹೆಸರು ಇಷ್ಟು ಹಬ್ಬಲು ಕಾರಣ ಒಬ್ಬ ಸಂತ, ಅವರು ಪ್ರಾಗ್‌ನ ಬಿಷಪ್ ಆಗಿದ್ದವರು. ಚೆಕ್ ಭಾಷೆಯಲ್ಲಿ ವೊಯ್ತ್ಯೆಹ್, ಹೊರಗೆಲ್ಲ ಅಡಾಲ್ಬರ್ಟ್. ಬಾಲ್ಟಿಕ್ ಕಡಲತೀರದ ಪ್ರಶ್ಯನ್ ಬುಡಕಟ್ಟಿನವರ ನಡುವೆ ಧರ್ಮ ಪ್ರಚಾರಕ್ಕೆ ಹೋದಾಗ 997ರ ಏಪ್ರಿಲ್ 23ರಂದು ಅವರನ್ನು ಕೊಂದರು. ದೇಹದಷ್ಟೇ ತೂಕದ ಚಿನ್ನ ಕೊಟ್ಟು ಪೋಲೆಂಡಿನ ದೊರೆ ಬೊಲೆಸ್ವಾಫ್ ಅದನ್ನು ಬಿಡಿಸಿಕೊಂಡ ಅನ್ನೋ ಮಾತಿದೆ. ಸಮಾಧಿ ಇರೋದು ಗ್ನಿಯೆಜ್ನೊ ಊರಿನ ಕೆಥೆಡ್ರಲ್‌ನಲ್ಲಿ. ಅಲ್ಲಿನ 12ನೇ ಶತಮಾನದ ಕಂಚಿನ ಬಾಗಿಲುಗಳ ಮೇಲೆ ಅವರ ಬದುಕನ್ನು 18 ದೃಶ್ಯಗಳಲ್ಲಿ ಮೂಡಿಸಿದ್ದಾರೆ. ಇವತ್ತಿಗೂ ಏಪ್ರಿಲ್ 23 ವೊಯ್ಚೆಹ್‌ಗಳ ಹೆಸರಿನ ದಿನ, ಅವತ್ತು ಆ ಹೆಸರಿನವರಿಗೆ ಎಲ್ಲರೂ ಶುಭಾಶಯ ಹೇಳ್ತಾರೆ.

ಇನ್ನು ಕರಡಿ. 1942ರಲ್ಲಿ ಇರಾನ್‌ನಲ್ಲಿ ಪೋಲಿಷ್ ಸೈನಿಕರಿಗೆ ತಾಯಿಯಿಲ್ಲದ ಮರಿಯೊಂದು ಸಿಕ್ಕಿತು. ಮನೆ, ಊರು, ದೇಶ ಎಲ್ಲ ಬಿಟ್ಟು ಬಂದವರು ಅವರು. ಮರಿಗೆ ಹಾಲು ಕುಡಿಸಿ ಬೆಳೆಸಿದರು, ಅದರ ಜೊತೆ ಕುಸ್ತಿ ಆಡಿದರು, ಹೆಸರಿಟ್ಟು ಸೈನಿಕರ ಪಟ್ಟಿಗೇ ಸೇರಿಸಿದರು. 1944ರಲ್ಲಿ ಇಟಲಿಯ ಮೊಂಟೆ ಕಸ್ಸಿನೊ ಕಾಳಗದಲ್ಲಿ ಅದು ಮದ್ದುಗುಂಡಿನ ಪೆಟ್ಟಿಗೆ ಹೊತ್ತಿತು, ಆಮೇಲೆ ಫಿರಂಗಿ ಗುಂಡು ಹಿಡಿದ ಕರಡಿಯೇ ಅವರ ತುಕಡಿಯ ಲಾಂಛನ ಆಯಿತು. ಯುದ್ಧ ಮುಗಿದ ಮೇಲೆ ವೊಯ್ತೆಕ್ ಎಡಿನ್‌ಬರೋ ಮೃಗಾಲಯದಲ್ಲಿತ್ತು, 1963ರಲ್ಲಿ ತೀರಿಕೊಂಡಿತು. ಅಲ್ಲಿಗೂ ಹಳೇ ಸೈನಿಕರು ಬರ್ತಿದ್ದರು, ಬೇಲಿಯ ಈಚೆಯಿಂದ ಪೋಲಿಷ್‌ನಲ್ಲೇ ಮಾತಾಡಿಸ್ತಿದ್ದರು.