ಅಕ್ರೋಟ್ ತುಂಡು ಕೊಳ್ಳುವ ಮೊದಲು ಹಿಡಿಯ ಜಾಗ ನೋಡಿ

ಪ್ರಶ್ನೆ (ತಿಪಟೂರು): ನಮ್ಮ ತಂದೆಯವರ ಹನ್ನೆರಡು ಬೋರಿನ ಜೋಡಿನಳಿಕೆ ಕೋವಿ ಈಗ ನನ್ನ ಲೈಸೆನ್ಸಿಗೆ ಬಂದಿದೆ. ಅದರ ಬಟ್, ಅಂದರೆ ಭುಜಕ್ಕೆ ಒರಗುವ ಮರದ ಭಾಗ, ಹಿಡಿಯ ಹತ್ತಿರ ಸೀಳಿದೆ. ಅಕ್ರೋಟ್ ಮರದಲ್ಲೇ ಹೊಸ ಬಟ್ ಮಾಡಿಸಬೇಕೆಂದಿದ್ದೇನೆ. ವ್ಯಾಪಾರಿ ಮೂರು ತುಂಡು ತೋರಿಸಿದ್ದಾರೆ. ಒಂದರಲ್ಲಿ ಉದ್ದಕ್ಕೂ ಗರಿಯಂಥ ಚಿತ್ತಾರವಿದೆ, ಬೆಲೆಯೂ ಜಾಸ್ತಿ. ಇನ್ನೊಂದು ಜೇನಿನ ಬಣ್ಣದ್ದು, ನೇರ ಎಳೆ, ನೋಡಲು ಸಾಧಾರಣ. ಮೂರನೆಯದರಲ್ಲಿ ಅಡ್ಡ ಅಲೆಗಳಿವೆ, ಒಂದು ಅಂಚಿನಲ್ಲಿ ಬಿಳಿ ಪಟ್ಟಿ ಇದೆ. ಯಾವುದನ್ನು ಕೊಳ್ಳಲಿ?

ಉತ್ತರ: ಎರಡನೆಯದನ್ನು ಕೊಳ್ಳಿ. ನಾಳೆ ವ್ಯಾಪಾರಿ ನಾಲ್ಕನೆಯದೊಂದನ್ನು ತಂದಿಟ್ಟರೆ ನೀವೇ ತೀರ್ಮಾನಿಸಬೇಕಲ್ಲ, ಅದಕ್ಕೆ ಕಾರಣವನ್ನೂ ಬಿಡಿಸಿ ಹೇಳುತ್ತೇವೆ.

ಬಟ್‌ನಲ್ಲಿ ಎಲ್ಲಕ್ಕಿಂತ ತೆಳುವಾದ ಜಾಗ ಕೈ ಹಿಡಿಯುವ ಭಾಗ. ಮೇಲಿಂದ ಕಬ್ಬಿಣದ ಪಟ್ಟಿಗೆ, ಕೆಳಗಿಂದ ಟ್ರಿಗರ್ ಕೂರುವ ತಟ್ಟೆಗೆ, ನಡುವೆ ತಿರುಪುಗಳಿಗೆ ಅಂತ ಕೊರೆದು ಅಲ್ಲಿ ಮರ ಇನ್ನಷ್ಟು ಕಡಿಮೆಯಾಗಿರುತ್ತದೆ. ತೋಟಾ ಹಾರಿದಾಗ ಬರುವ ಒದೆತವೆಲ್ಲ ಸುಮಾರು 4 ಇಂಚಿನ ಈ ಜಾಗವನ್ನು ದಾಟಿಯೇ ಭುಜಕ್ಕೆ ಬರಬೇಕು. ತುಂಡಿಗೆ ಕೊಡುವ ಹಣದಲ್ಲಿ ಮುಕ್ಕಾಲು ಪಾಲು ಈ 4 ಇಂಚಿಗೆ ಎಂದುಕೊಂಡೇ ಮರ ನೋಡಿ. ಚಿತ್ತಾರ ಬೇಕಿದ್ದರೆ ಹಿಂದಿನ ಅಗಲ ಭಾಗದಲ್ಲಿ ಇರಲಿ.

ಗರಿ ಚಿತ್ತಾರ ಬರುವುದು ಕೊಂಬೆ ಕವಲೊಡೆಯುವ ಜಾಗದಿಂದ. ಅಲ್ಲಿ ಎರಡು ಕಡೆಯ ಎಳೆಗಳು ಒಂದಕ್ಕೊಂದು ಎದುರಾಗಿ ತಿರುಗಿಕೊಂಡಿರುತ್ತವೆ. ಕಣ್ಣಿಗೆ ಅದಕ್ಕಿಂತ ಚೆಂದದ ಮರವಿಲ್ಲ, ಒಪ್ಪೋಣ. ಆದರೆ ಹಿಡಿಯ ಜಾಗದಲ್ಲಿ ಎಳೆ ಅಡ್ಡ ಬಂದರೆ ಬಲ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಲೆಕ್ಕವಿದೆ: ಎಳೆಯ ಓರೆ 15ಕ್ಕೆ 1 ಇದ್ದರೆ ಮರ ಬಾಗುವ ಬಲದಲ್ಲಿ ಹತ್ತರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ, 5ಕ್ಕೆ 1 ಆದರೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಅಂದರೆ ಆ 4 ಇಂಚು ಉದ್ದದಲ್ಲಿ ಎಳೆ 7 ಮಿ.ಮೀ.ವರೆಗೆ ಪಕ್ಕಕ್ಕೆ ಸರಿದರೆ ನಡೆದೀತು, 20 ಮಿ.ಮೀ. ಸರಿದರೆ ಆ ತುಂಡು ಬೇಡ. ನಿಮ್ಮ ಮೊದಲನೆಯ ತುಂಡಿನ ಗರಿ ಉದ್ದಕ್ಕೂ ಇದೆ ಎಂದಿದ್ದೀರಿ, ಹಾಗಾಗಿ ಹಿಡಿಯ ಜಾಗಕ್ಕೂ ಬಂದೇ ಬರುತ್ತದೆ. ಗರಿ ಹಿಂದಿನ ಅರ್ಧದಲ್ಲೇ ಮುಗಿದಿದ್ದರೆ ಅದನ್ನೇ ಕೊಳ್ಳಿ ಎನ್ನುತ್ತಿದ್ದೆವು.

ಇಲ್ಲೊಂದು ಮೋಸ ಆಗುತ್ತದೆ, ಮರದ ಕೆಲಸ ಬಲ್ಲವರಿಗೂ ಆಗುತ್ತದೆ. ಅಕ್ರೋಟ್‌ನಲ್ಲಿ ಕಾಣುವ ಕಪ್ಪು ಗೆರೆ ಎಳೆಯಲ್ಲ, ಬರೀ ಬಣ್ಣ. ಬಣ್ಣದ ಗೆರೆ ಒಂದು ಕಡೆ, ಎಳೆ ಇನ್ನೊಂದು ಕಡೆ ಓಡುವುದುಂಟು. ಎಳೆಯ ನಿಜವಾದ ದಾರಿ ಗೊತ್ತಾಗುವುದು ಸಣ್ಣ ರಂಧ್ರಗಳಿಂದ. ರಂದ ಹೊಡೆದ ಮುಖದ ಮೇಲೆ ಅವು ಪೆನ್ಸಿಲ್ಲಿನಲ್ಲಿ ಗೀಚಿದ ಚಿಕ್ಕ ಗೀಟುಗಳಂತೆ ಕಾಣುತ್ತವೆ. ಬಿಸಿಲಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ಆ ಗೀಟುಗಳ ದಿಕ್ಕು ನೋಡಿ. ಅನುಮಾನ ಉಳಿದರೆ, ಹೇಗೂ ಕತ್ತರಿಸಿ ಬಿಸಾಡುವ ಮೂಲೆಯಲ್ಲಿ ಉಳಿಯಿಂದ ಒಂದು ಚಕ್ಕೆ ಎಬ್ಬಿಸಲು ವ್ಯಾಪಾರಿಯನ್ನು ಕೇಳಿ. ಚಕ್ಕೆ ಎಳೆ ಹಿಡಿದೇ ಸೀಳುತ್ತದೆ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಹಳೆಯ ಎಕ್ಸ್‌ರೇ ಫಿಲ್ಮನ್ನು ಬ್ಲೀಚಿಂಗ್ ಪುಡಿ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಪ್ಪು ಬಿಟ್ಟು ಹಾಳೆ ತಿಳಿಯಾಗುತ್ತದೆ. ಎರಡು ಹಾಳೆ ಜೋಡಿಸಿ, ಮುರಿದ ಬಟ್ಟನ್ನು ಅದರ ಮೇಲೆ ಮಲಗಿಸಿ ಆಕಾರ ಗೀಚಿಕೊಂಡು ಕತ್ತರಿಸಿ. ಹಿಡಿಯ ನಡುಗೆರೆಯನ್ನು ಮಾರ್ಕರ್‌ನಲ್ಲಿ ಎಳೆದುಕೊಳ್ಳಿ. ಈ ಅಚ್ಚನ್ನು ತುಂಡಿನ ಮೇಲಿಟ್ಟು ಆಚೀಚೆ ತಿರುಗಿಸುತ್ತ, ನಡುಗೆರೆಗೂ ಎಳೆಗೂ ಹೊಂದಿಕೆಯಾಗುವ ಜಾಗ ಹುಡುಕಿ. ಆಮೇಲೆ ತುಂಡನ್ನು ಮಗುಚಿ, ಇನ್ನೊಂದು ಮುಖದಲ್ಲೂ ಅದೇ ಜಾಗದಲ್ಲಿ ಇಟ್ಟು ನೋಡಿ. ಒಂದು ಮುಖದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ಎಳೆ ಒಳಗೆ ತಿರುಚಿಕೊಂಡಿದೆ, ಮುಂದೆ ಬಟ್ಟೂ ತಿರುಚುತ್ತದೆ. ಮೇಲಿನ ಅಂಚನ್ನೂ ನೋಡಲು ಮರೆಯಬೇಡಿ. ಅಲ್ಲಿ ಎಳೆ ಎಡದಿಂದ ಬಲಕ್ಕೆ ದಾಟಿ ಹೋಗಿದ್ದರೆ ಪಕ್ಕದಿಂದ ಎಷ್ಟು ನೇರ ಕಂಡರೂ ಪ್ರಯೋಜನವಿಲ್ಲ.

ಭುಜಕ್ಕೆ ಒರಗುವ ತುದಿಯ ಕೆಳಮೂಲೆಯೂ ಮುರಿಯುವ ಜಾಗವೇ. ಹಿಡಿಯಲ್ಲಿ ನೇರವಾಗಿ ಬಂದ ಎಳೆ ಹಿಂದೆ ಹೋಗುತ್ತ ಸ್ವಲ್ಪ ಕೆಳಕ್ಕೆ ಇಳಿದಿದ್ದರೆ ಆ ಮೂಲೆ ಗಟ್ಟಿ. ಮೇಲಕ್ಕೆ ಏರಿದ್ದರೆ ಕೋವಿಯನ್ನು ನೆಲಕ್ಕೆ ಊರಿದಾಗ ಮೂಲೆ ಚಕ್ಕೆ ಎದ್ದು ಹೋಗುತ್ತದೆ.

ಮೂರನೆಯ ತುಂಡಿನ ಬಿಳಿ ಪಟ್ಟಿ ಚೇಗು (ಒಳಗಿನ ಗಟ್ಟಿ ಮರ) ಕಟ್ಟದ ಹೊರಭಾಗ. ಅಚ್ಚು ಇಟ್ಟಾಗ ಅದು ಪೂರ್ತಿ ಹೊರಗೆ ಉಳಿದರೆ ತೊಂದರೆಯಿಲ್ಲ. ಒಳಗೆ ಬಂದರೆ ಬೇಡ: ಮೆತ್ತಗಿರುತ್ತದೆ, ಕೈ ಜಾರದಂತೆ ಹಿಡಿಯ ಮೇಲೆ ಕೊರೆಯುವ ಗೀರುಕೆಲಸ ಅಲ್ಲಿ ಪುಡಿಯಾಗುತ್ತದೆ, ಕುಟ್ಟೆ ಹುಳ ಮೊದಲು ಹಿಡಿಯುವುದೂ ಅಲ್ಲೇ. ಬಣ್ಣ ಬಳಿದು ಬಿಳಿಯನ್ನು ಮುಚ್ಚಿ ಮಾರುವುದೂ ಇದೆ. ಸ್ಪಿರಿಟ್ ಅದ್ದಿದ ಬಿಳಿ ಹತ್ತಿಯಲ್ಲಿ ಒರೆಸಿ ನೋಡಿ. ಹತ್ತಿಗೆ ಕಂದು ಬಣ್ಣ ಗಾಢವಾಗಿ ಹತ್ತಿದರೆ ತಿರುಗಿ ಕೊಡಿ.

ಇನ್ನೊಂದು ಮುಖ್ಯವಾದ ಮಾತು. ನಿಮ್ಮ ಹಳೆಯ ಬಟ್ ಏಕೆ ಸೀಳಿತು ಎಂದು ನೋಡದೆ ಹೊಸದು ಮಾಡಿಸಿದರೆ ಅದೂ ಅಲ್ಲೇ ಸೀಳುತ್ತದೆ. ಬಿಚ್ಚಿ, ಕಬ್ಬಿಣಕ್ಕೆ ತಾಗುವ ತಲೆಭಾಗ ನೋಡಿ. ಕಪ್ಪಾಗಿ, ಉಗುರು ಒತ್ತಿದರೆ ಇಳಿಯುವಂತಿದ್ದರೆ ವರ್ಷಗಟ್ಟಲೆ ಸುರಿದ ಎಣ್ಣೆ ಅಲ್ಲಿಗೆ ಇಳಿದು ಮರ ಮೆತ್ತಗಾಗಿದೆ ಎಂದರ್ಥ. ಹಾಗಾದಾಗ ತಲೆಯ ಚಪ್ಪಟೆ ಮುಖ ಹೊರಬೇಕಾದ ಒದೆತವನ್ನು ಮೇಲಿನ ಪಟ್ಟಿಯ ಬಾಲ ಹೊರುತ್ತದೆ. ಬೆಣೆ ಹೊಡೆದಂತೆ ಅದು ಹಿಡಿಯನ್ನು ಸೀಳುತ್ತದೆ. ಹೊಸ ಬಟ್‌ನಲ್ಲಿ ತಲೆಯ ಮುಖ ಕಬ್ಬಿಣಕ್ಕೆ ಎಲ್ಲ ಕಡೆ ಕೂರಬೇಕು, ಪಟ್ಟಿಯ ಬಾಲದ ಹಿಂದೆ ಮಾತ್ರ ಸುಮಾರು ಅರ್ಧ ಮಿ.ಮೀ. ಸಂದು ಬಿಡಬೇಕು. ಕೆಲಸ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಮುಂದೆ ಕೋವಿಗೆ ಎಣ್ಣೆ ಹಾಕಿದ ಮೇಲೆ ಒಂದು ರಾತ್ರಿ ನಳಿಕೆಯ ಬಾಯಿ ಕೆಳಗಾಗಿ ನಿಲ್ಲಿಸಿ.

ಕೋವಿಯನ್ನು ಕೊಡುವುದು ರಿಪೇರಿ ಲೈಸೆನ್ಸ್ ಇರುವವರಿಗೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ರಿಪೇರಿಗೂ ಲೈಸೆನ್ಸ್ ಬೇಕು. ಊರಿನ ಆಚಾರಿ ಎಷ್ಟೇ ನುರಿತವರಾದರೂ ಅವರ ಮನೆಯಲ್ಲಿ ಕೋವಿ ಬಿಟ್ಟು ಬರುವಂತಿಲ್ಲ. ಕೊಟ್ಟಾಗ ರಸೀತಿ ಪಡೆಯಿರಿ.

ಪ್ರಶ್ನೆ (ಶಿಡ್ಲಘಟ್ಟ): ಕಾಶ್ಮೀರದ ಅಕ್ರೋಟ್ ತುಂಡು ಕೊಂಡು ಹುಳು ಸಾಕುವ ಮನೆಯಲ್ಲಿ ಇಟ್ಟಿದ್ದೆ. ಒಂದು ತುದಿಯಲ್ಲಿ ಸಣ್ಣ ಬಿರುಕು ಬಿಟ್ಟಿದೆ. ಮರ ಹಾಳಾಯಿತೇ? ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಅದನ್ನು ಅಲ್ಲಿಂದ ತೆಗೆಯಿರಿ. ರೇಷ್ಮೆಹುಳುವಿಗೆ 70ರಿಂದ 85 ಪರ್ಸೆಂಟ್ ತೇವದ ಗಾಳಿ ಬೇಕು. ಬೆಳೆ ಇದ್ದಾಗ ಮರ ಆ ತೇವ ಕುಡಿಯುತ್ತದೆ, ಬೆಳೆ ಮುಗಿದು ಕಿಟಕಿ ತೆರೆದಾಗ ಕಕ್ಕುತ್ತದೆ. ಮರದ ತುದಿ ಬದಿಗಳಿಗಿಂತ ಬಹಳ ಬೇಗ ಒಣಗುವುದರಿಂದ ಬಿರುಕು ಮೊದಲು ಅಲ್ಲೇ ಕಾಣುತ್ತದೆ. ತಗಡಿನ ಸೂರಿನ ಕೆಳಗೂ, ತಿಪಟೂರು ಕಡೆಯವರ ಕೊಬ್ಬರಿ ಅಟ್ಟದಲ್ಲೂ ಇಡಬಾರದು. ಗಾಳಿಯಾಡುವ, ಬಿಸಿಲು ಬೀಳದ ಕೋಣೆಯಲ್ಲಿ, ಗೋಡೆಗೆ ತಾಗದಂತೆ ಎರಡು ರಿಪೀಸಿನ ಮೇಲೆ ಮಲಗಿಸಿ. ಎರಡೂ ತುದಿಗೆ ಕರಗಿಸಿದ ಮೇಣ ದಪ್ಪಗೆ ಬಳಿಯಿರಿ.

ಬಿರುಕು ಎಷ್ಟು ಒಳಗೆ ಹೋಗಿದೆ ಎಂದು ತಿಳಿಯಲು ತುದಿಯಿಂದ 1 ಸೆಂ.ಮೀ. ದಪ್ಪದ ಬಿಲ್ಲೆ ಕುಯ್ದು, ಕೈಯಲ್ಲಿ ಬಗ್ಗಿಸಿ ನೋಡಿ. ಬಿರುಕಿದ್ದ ಕಡೆ ಪಟ್ಟನೆ ಮುರಿಯುತ್ತದೆ. ಮುರಿಯದ ಬಿಲ್ಲೆ ಸಿಗುವವರೆಗೆ ಕುಯ್ಯುತ್ತ ಹೋಗಿ. ಬಟ್‌ನ ಉದ್ದಕ್ಕಿಂತ ತುಂಡು ಎರಡು ಇಂಚು ಹೆಚ್ಚಿರಬೇಕು ಎನ್ನುವುದು ಇದಕ್ಕೇ.

ಆ ಗಟ್ಟಿ ಬಿಲ್ಲೆಯಿಂದಲೇ ತೇವ ಅಳೆಯಬಹುದು. ಅಕ್ಕಸಾಲಿಗರ ತಕ್ಕಡಿಯಲ್ಲಿ ಕೂಡಲೇ ತೂಗಿ. ಆಮೇಲೆ ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಂಟೆಗೊಮ್ಮೆ ತೂಗುತ್ತ, ತೂಕ ಇಳಿಯುವುದು ನಿಂತಾಗ ಬರೆದುಕೊಳ್ಳಿ. ಮೊದಲು 52 ಗ್ರಾಂ ಇದ್ದದ್ದು 47ಕ್ಕೆ ನಿಂತಿತು ಎನ್ನಿ. ಹೋದ 5 ಗ್ರಾಮನ್ನು 47ರಿಂದ ಭಾಗಿಸಿದರೆ 10.6 ಪರ್ಸೆಂಟ್. ನಮ್ಮ ಬಯಲುಸೀಮೆಯಲ್ಲಿ 9ರಿಂದ 11ರೊಳಗೆ ಇದ್ದರೆ ಕೆಲಸಕ್ಕೆ ಹಚ್ಚಬಹುದು. ಮುಳ್ಳು ಚುಚ್ಚುವ ಮೀಟರ್ ಮೇಲ್ಪದರದ ತೇವವನ್ನಷ್ಟೇ ಹೇಳುತ್ತದೆ. ಅದನ್ನು ಬಳಸುವುದಾದರೆ ಹೊಸದಾಗಿ ಕುಯ್ದ ಮುಖದ ನಡುವೆ ಚುಚ್ಚಿ.

ಬಿಲ್ಲೆ ಕುಯ್ಯಲು ಇಷ್ಟವಿಲ್ಲದವರು ಇಡೀ ತುಂಡನ್ನೇ ತೂಗಲಿ. 18 ಇಂಚು ಉದ್ದ, 7 ಇಂಚು ಅಗಲ, 2.5 ಇಂಚು ದಪ್ಪದ ಒಣ ಅಕ್ರೋಟ್ ಹೆಚ್ಚುಕಡಿಮೆ 3.3 ಕೆ.ಜಿ. ತೂಗುತ್ತದೆ. ತೇವದಲ್ಲಿ 1 ಪರ್ಸೆಂಟ್ ಅಂದರೆ 30 ಗ್ರಾಂ. ಹದಿನೈದು ದಿನಕ್ಕೊಮ್ಮೆ ತೂಗಿ ಮರದ ಮೇಲೇ ಪೆನ್ಸಿಲ್ಲಿನಲ್ಲಿ ತಾರೀಕು ಸಮೇತ ಬರೆಯಿರಿ. ಸಂಕ್ರಾಂತಿಯಿಂದ ಯುಗಾದಿವರೆಗೆ ಇಳಿದು ಆಷಾಢ ಶ್ರಾವಣದಲ್ಲಿ ಮತ್ತೆ ಏರಿದರೆ ಗಾಬರಿ ಬೇಡ, ಅದು ಕಾಲದ ಏರಿಳಿತ. ಕಾಲ ಬದಲಾದರೂ ಒಂದೇ ಸಮನೆ ಇಳಿಯುತ್ತಲೇ ಇದ್ದರೆ ಒಳಗೆ ಇನ್ನೂ ಹಸಿಯಿದೆ. 2.5 ಇಂಚು ದಪ್ಪದ ಹಸಿ ತುಂಡು ನೆರಳಿನಲ್ಲಿ ಒಣಗಲು ಮೂರು ವರ್ಷವಾದರೂ ಬೇಕು.

ಆತುರಪಟ್ಟರೆ ಏನಾಗುತ್ತದೆ? ಮರ ಕುಗ್ಗಿದಾಗ ಅದರಲ್ಲಿ ಕೊರೆದ ಗುಂಡಿ ದೊಡ್ಡದಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಮರದ ಜೊತೆಗೆ ಗುಂಡಿಯೂ ಕುಗ್ಗುತ್ತದೆ. ಒಳಗಿನ ಕಬ್ಬಿಣ ಕುಗ್ಗುವುದಿಲ್ಲ. ತೇವ 4 ಪರ್ಸೆಂಟ್ ಇಳಿದರೆ 40 ಮಿ.ಮೀ. ಎತ್ತರದ ಹಿಡಿ 0.3ರಿಂದ 0.4 ಮಿ.ಮೀ. ಕುಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಪಟ್ಟಿಯ ಸುತ್ತ ಅಷ್ಟು ಸಾಕು, ಒಂದು ಗುಂಡೂ ಹಾರಿಸದೆ ಬೇಸಿಗೆಯಲ್ಲಿ ತಾನಾಗಿ ಸೀಳುತ್ತದೆ. ಮಳೆಗಾಲದಲ್ಲಿ ಕಬ್ಬಿಣ ಕೂರಿಸುವ ಕೆಲಸಕ್ಕೆ ಒಪ್ಪಬೇಡಿ. ಪುಷ್ಯ, ಮಾಘದಲ್ಲಿ ಮಾಡಿಸಿ.

ತುದಿಯಲ್ಲಿ ವರ್ಷದ ಉಂಗುರಗಳು ಅಗಲ ಮುಖಕ್ಕೆ ಲಂಬವಾಗಿ ನಿಂತಿದ್ದರೆ ಆ ತುಂಡು ಎತ್ತರದಲ್ಲಿ ಕಡಿಮೆ ಕುಗ್ಗುತ್ತದೆ, ಎಳೆಯನ್ನು ಹಿಡಿಗೆ ಹೊಂದಿಸುವುದೂ ಸುಲಭ. ಉಂಗುರ ಅಗಲ ಮುಖಕ್ಕೆ ಸಮಾನಾಂತರವಾಗಿದ್ದರೆ ಚಿತ್ತಾರ ಹೆಚ್ಚು, ಕುಗ್ಗುವುದೂ ಹೆಚ್ಚು. ಎರಡರಿಂದಲೂ ಒಳ್ಳೆಯ ಬಟ್ ಆಗುತ್ತದೆ. ತಿರುಳಿನ ಚುಕ್ಕೆ ಮಾತ್ರ ತುಂಡಿನೊಳಗೆ ಇರಕೂಡದು, ಅಲ್ಲಿಂದ ಬಿರುಕು ತಪ್ಪಿದ್ದಲ್ಲ.

ಪ್ರಶ್ನೆ (ಶ್ರೀನಿವಾಸಪುರ): ಒಂದು ಮರದಂಗಡಿಯಲ್ಲಿ ಇಂಡಿಯನ್ ವಾಲ್‌ನಟ್ ಎಂದು ಅಗ್ಗಕ್ಕೆ ಕೊಡುತ್ತಾರೆ. ಅದೂ ಅಕ್ರೋಟೇ ತಾನೇ? ಇಲ್ಲದಿದ್ದರೆ ನಮ್ಮ ತೋಟದ ತೇಗ, ಹಲಸು ಆಗುವುದಿಲ್ಲವೇ?

ಉತ್ತರ: ಅದು ಬಹುತೇಕ ಬಾಗೆ ಮರ. ನಿಮ್ಮೂರ ರಸ್ತೆ ಬದಿಯಲ್ಲೇ ಇರುತ್ತದೆ. ಮರದ ವ್ಯಾಪಾರದಲ್ಲಿ ಅದಕ್ಕೆ ಬಹಳ ಕಾಲದಿಂದ ಆ ಹೆಸರಿದೆ, ಅಕ್ರೋಟ್ ಜಾತಿಗೂ ಅದಕ್ಕೂ ನಂಟಿಲ್ಲ. ತುದಿಯನ್ನು ಹರಿತವಾದ ಬ್ಲೇಡಿನಿಂದ ಸವರಿ ಭೂತಗನ್ನಡಿಯಲ್ಲಿ ನೋಡಿ. ಬಾಗೆಯ ರಂಧ್ರಗಳು ದೊಡ್ಡವು, ಸುತ್ತ ಮಾಸಲು ಬಿಳಿಯ ಬಳೆ ಇರುತ್ತದೆ. ಅಕ್ರೋಟ್‌ನಲ್ಲಿ ಆ ಬಳೆ ಇಲ್ಲ. ಬಾಗೆಯ ಎಳೆ ಪದರದಿಂದ ಪದರಕ್ಕೆ ದಿಕ್ಕು ಬದಲಿಸುವುದರಿಂದ ರಂದಕ್ಕೆ ಕಿತ್ತು ಬರುತ್ತದೆ, ಅದರ ಪುಡಿ ಮೂಗಿಗೂ ಖಾರ. ಆಫ್ರಿಕನ್ ವಾಲ್‌ನಟ್ ಎಂಬುದೂ ಬೇರೆಯೇ ಜಾತಿ, ಮಹಾಗನಿ ಕುಲದ್ದು.

ತೇಗ ತೇವಕ್ಕೆ ಅಲ್ಲಾಡುವುದು ಕಡಿಮೆ, ಅದು ಅದರ ದೊಡ್ಡ ಗುಣ. ಆದರೆ ಎಳೆಗುಂಟ ಸುಲಭವಾಗಿ ಸೀಳುತ್ತದೆ. ಅಂಚುಗಳು ಚೂಪಾಗಿ ನಿಲ್ಲುವುದಿಲ್ಲವಾದ್ದರಿಂದ ಗೀರುಕೆಲಸ ಒರಟಾಗುತ್ತದೆ. ಹಲಸು ವೀಣೆಗೆ ಹೇಳಿ ಮಾಡಿಸಿದ ಮರ, ಒದೆತ ತಿನ್ನುವ ಹಿಡಿಗೆ ನೇರ ಎಳೆಯ ತುಂಡು ಅದರಲ್ಲಿ ಸಿಗುವುದು ಕಷ್ಟ. ಶಿವನೆ ಬಲು ಹಗುರ, ತಲೆಭಾಗ ಒದೆತಕ್ಕೆ ಜಜ್ಜಿಹೋಗುತ್ತದೆ. ನಮ್ಮ ಮರಗಳಲ್ಲಿ ಅಕ್ರೋಟ್ ಜೊತೆ ನಿಲ್ಲಬಲ್ಲದ್ದು ಬೀಟೆ. ಬಲ ಸಾಕಷ್ಟಿದೆ, ನುಣುಪೂ ಬರುತ್ತದೆ. ತೂಕ ಮಾತ್ರ ಅಕ್ರೋಟ್‌ಗಿಂತ ಮೂರನೇ ಒಂದು ಪಾಲು ಹೆಚ್ಚು, ಹಾಗಾಗಿ ಕೋವಿಯ ಭಾರ ಹಿಂದಕ್ಕೆ ವಾಲುತ್ತದೆ. ಸ್ವಂತ ಜಮೀನಿನದಾದರೂ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಶ್ಮೀರದಲ್ಲೂ ಅಕ್ರೋಟ್ ಮರ ಕಡಿಯುವುದಕ್ಕೆ 1969ರಿಂದ ಕಾನೂನಿನ ಕಡಿವಾಣವಿದೆ. ಬಿಲ್ಲಿಲ್ಲದ ಮಾಲು ಕೊಳ್ಳಬೇಡಿ.

ಪ್ರಶ್ನೆ (ಕುಣಿಗಲ್): ತುಂಡಿನ ಅಳತೆ ಎಷ್ಟಿರಬೇಕು? ಹಳೆಯ ಬಟ್‌ನ ಅಳತೆಯನ್ನೇ ಕೊಟ್ಟರೆ ಸಾಕೇ?

ಉತ್ತರ: ಹಳೆಯ ಬಟ್ ನಿಮ್ಮ ಭುಜಕ್ಕೆ ಸರಿಯಾಗಿ ಕೂರುತ್ತಿದ್ದರೆ ಸಾಕು. ಕೋವಿ ಮಡಚಿ ತೆರೆದು ಎರಡೂ ನಳಿಕೆ ಖಾಲಿ ಇವೆಯೆಂದು ಕಣ್ಣಾರೆ ನೋಡಿದ ಮೇಲೆ, ನಳಿಕೆಗಳ ನಡುವಿನ ಏಣು ಮೇಜಿಗೆ ತಾಗುವಂತೆ ಮಗುಚಿಡಿ. ಮೇಜಿನಿಂದ ಬಟ್‌ನ ಕೆನ್ನೆ ತಾಗುವ ಅಂಚಿಗೆ ಎಷ್ಟು, ಹಿಂದಿನ ಮೇಲ್ಮೂಲೆಗೆ ಎಷ್ಟು ಎಂದು ಅಳೆಯಿರಿ. ಸಾಮಾನ್ಯವಾಗಿ ಮೊದಲನೆಯದು 1.5 ಇಂಚು, ಎರಡನೆಯದು 2.25ರಿಂದ 2.5 ಇಂಚು ಬರುತ್ತದೆ. ಮುಂದಿನ ಟ್ರಿಗರ್‌ನಿಂದ ಹಿಂತುದಿಯ ನಡುವಿಗೆ 14ರಿಂದ 14.5 ಇಂಚು. ಬಲಗೈಯವರಿಗೆ ಬಟ್ ಬಲಕ್ಕೆ ಕಾಲು ಇಂಚಿನಷ್ಟು ವಾಲಿರುತ್ತದೆ. ಆ ವಾಲು ತೆಗೆಯಲು ಜಾಗ ಬೇಕಾದ್ದರಿಂದಲೇ ತುಂಡು 2.5 ಇಂಚು ದಪ್ಪವಿರಲಿ ಎನ್ನುವುದು, 2 ಇಂಚಿನದು ಸಾಲದು. ಹಳೆಯ ಬಟ್ಟನ್ನು ಹೊಸದು ಕೂತು, ಹಾರಿಸಿ ನೋಡಿ, ಒಪ್ಪಿಗೆಯಾಗುವವರೆಗೆ ಸೌದೆಗೆ ಹಾಕಬೇಡಿ.